ದನದ ಹಿಂಡಿಗೆ ನಾಯಿ ತಳಿ ಮಾಡ್ಬೇಕು, ಗಂಡು ಯಾವ್ದು ತರ್ಲಿ?

ಕೇಳಿದವರು, ಶಿರಸಿ:
18 ಮಲೆನಾಡು ಗಿಡ್ಡ ದನ, 25 ಆಡು ಇವೆ. ಬೆಟ್ಟಕ್ಕೆ ಬಿಟ್ಟು ಮೇಯ್ಸೋದು. ಕುರಿ ಕಾಯೋ ತಳಿ ಬಾರ್ಡರ್ ಕೋಲಿಗೂ ಊರನಾಯಿಗೂ ಹುಟ್ಟಿದ ಎರಡು ಹೆಣ್ಣು, ಮೂರು ವರ್ಷದವು, ಕೆಲ್ಸಕ್ಕೆ ಚೆನ್ನಾಗಿವೆ. ಗಂಡು ಎರಡು ನೋಡಿಟ್ಟಿದ್ದೇನೆ. ಒಂದು 14 ತಿಂಗಳ ಶುದ್ಧ ಬಾರ್ಡರ್ ಕೋಲಿ, ಮೂರು ತಲೆಮಾರಿನ ಕಾಗದ ಇದೆ. ಇನ್ನೊಂದು ಯಲ್ಲಾಪುರ ಕಡೆಯ ಗೌಳಿವಾಡದ್ದು (ಎಮ್ಮೆ ಸಾಕೋ ಗೌಳಿಗಳ ಕೇರಿ), ನಾಲ್ಕು ವರ್ಷ, ಎಮ್ಮೆ ಜೊತೆಗೇ ಬೆಳೆದದ್ದು. ಆರೋಗ್ಯ ಹೇಗೆ ನೋಡೋದು? ಯಾವ್ದು ತರ್ಲಿ?

ಕುಮಟಾ:
ಕಾಗದಕ್ಕೆ ಮರುಳಾಗ್ಬೇಡಿ. ಅದ್ರಲ್ಲಿ ಅಪ್ಪ-ಅಜ್ಜನ ಹೆಸರಿರ್ತದೆ, ಬೀಜ (ವೃಷಣ) ಚೀಲಕ್ಕೆ ಇಳಿದಿದೆಯೋ ಇಲ್ವೋ ಅಂತ ಬರ್ದಿರೋದಿಲ್ಲ. ನಾವು 35 ಸಾವಿರ ಕೊಟ್ಟ ಮರಿಗೆ ಬಲಗಡೆಯದು ಇಳಿದೇ ಇರ್ಲಿಲ್ಲ. "ತಡವಾಗಿ ಇಳೀತದೆ" ಅಂದ್ರು ಮಾರಿದವ್ರು. ಎಂಟು ವಾರಕ್ಕೆ ಕೈಗೆ ಸಿಗ್ಬೇಕು, ಆರು ತಿಂಗಳು ದಾಟಿದ್ರೆ ಇಳಿಯೋದಿಲ್ಲ. ಒಂದೇ ಬೀಜದ ನಾಯಿಗೂ ಮರಿ ಹುಟ್ತವೆ, ತೊಂದ್ರೆ ಇರೋದೇ ಅಲ್ಲಿ. ದೋಷ ವಂಶಕ್ಕೆ ಇಳೀತದೆ, ಹೆಣ್ಣುಮರಿಯೂ ಅದನ್ನ ಹೊತ್ತು ಮುಂದಿನ ಸೂಲಿಗೆ ದಾಟಿಸ್ತದೆ. ಒಳಗೇ ಉಳಿದ ಬೀಜ ಗಡ್ಡೆ ಕಟ್ಟೋ ಸಂಭವ ಜಾಸ್ತಿ ಅಂತ ಹೊಟ್ಟೆ ಕೊಯ್ದು ತೆಗೆಸ್ಬೇಕಾಯ್ತು. ಸ್ಕ್ಯಾನ್ 1,200, ಆಪರೇಷನ್ 9,500, ಎರಡು ಸಲ ಗಾಡಿ ಬಾಡಿಗೆ 6,000. ತಳಿ ಸೊನ್ನೆ.

ನಾಯಿ ನಿಂತಿರುವಾಗ ಮುಟ್ಟಿ ನೋಡಿ. ಕೈ ಬೆಚ್ಚಗಿರ್ಲಿ, ತಣ್ಣನೆ ಕೈ ತಾಗಿದ್ರೆ, ಹೆದ್ರಿದ್ರೆ, ಮರಿಗಳದ್ದು ಮೇಲೆ ಸರೀತದೆ. ಎರಡೂ ಒಂದೇ ಗಾತ್ರ, ಬೇಯ್ಸಿ ಸುಲಿದ ಮೊಟ್ಟೆ ಒತ್ತಿದಷ್ಟು ಬಿಗಿ ಇರ್ಬೇಕು. ಹಣ್ಣಾದ ಟೊಮೆಟೊ ಹಾಗೆ ಮೆತ್ತಗಿದ್ರೆ ಅಥವಾ ಒಂದು ಸಣ್ಣದಾಗಿದ್ರೆ ಬಿಟ್ಟು ಬನ್ನಿ. ಬೀಜದ ಹಿಂತುದಿಯಲ್ಲಿ ಒಂದು ಗಂಟು ಸಿಗ್ತದೆ. ಅದು ಊದಿ, ಚೀಲದ ಚರ್ಮ ನೆಕ್ಕಿ ನೆಕ್ಕಿ ಕೆಂಪಾಗಿದ್ರೆ ಕಂದು ಹಾಕಿಸೋ ಬ್ರುಸೆಲ್ಲಾ ರೋಗದ ಅನುಮಾನ ಪಡ್ಲೇಬೇಕು.

ಸಿದ್ದಾಪುರ:
ಬೀಜ ಇಳಿದ್ರೆ ಸಾಲ್ದು, ಒಳಗೆ ಜೀವ ಇರ್ಬೇಕು. ನಮ್ಮಲ್ಲಿ ನಾಯಿಯ ಶತ್ರು ಉಣ್ಣೆ. ನಮ್ಮ ಗಂಡಿಗೆ ಉಣ್ಣೆ ಹರಡೋ ಎರ್ಲಿಕಿಯಾ ಜ್ವರ ಬಂದಾಗ ಪ್ಲೇಟ್ಲೆಟ್ 38 ಸಾವಿರಕ್ಕೆ ಇಳಿದಿತ್ತು, ಎರಡು ಲಕ್ಷದ ಮೇಲೆ ಇರ್ಬೇಕಾದ್ದು. 20 ಕೆಜಿ ನಾಯಿ. ಕೆಜಿಗೆ 10 ಮಿ.ಗ್ರಾಂ ಲೆಕ್ಕದಲ್ಲಿ ಡಾಕ್ಸಿಸೈಕ್ಲಿನ್ 100ರ ಗುಳಿಗೆ ದಿನಕ್ಕೆ ಎರಡು, 28 ದಿನ, ಒಟ್ಟು 56 ಗುಳಿಗೆ. ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ, ಅನ್ನದ ಜೊತೆಗೇ ಕೊಡ್ಬೇಕು. ಹತ್ತನೇ ದಿನ ಓಡಾಡ್ತದೆ ಅಂತ ನಿಲ್ಸಿದ್ರೆ ರೋಗ ಮಜ್ಜೆಯಲ್ಲಿ ಅಡಗಿ ಕೂರ್ತದೆ. ಉಣ್ಣೆಯದೇ ಇನ್ನೊಂದು ರೋಗ ಬೆಬೇಸಿಯಾ ಗಿಬ್ಸೋನಿ ಸೇರ್ಕೊಂಡ್ರೆ ಜೇಬೇ ಖಾಲಿ. ಅಟೊವಾಕ್ವೋನ್ ಎಂಟು ತಾಸಿಗೊಮ್ಮೆ, ಜಿಡ್ಡಿನ ಊಟದ ಜೊತೆ, ಮೇಲಿಂದ ಅಜಿತ್ರೊಮೈಸಿನ್, ಹತ್ತು ದಿನ. ನಮಗೆ ಔಷಧಿಗೇ 11 ಸಾವಿರ ದಾಟ್ತು.

ಜ್ವರ ಇಳೀತು ಅಂತ ಬೆದೆಗೆ ಬಿಡ್ಬೇಡಿ. ಹೊಸ ವೀರ್ಯಾಣು ತಯಾರಾಗೋದಕ್ಕೆ 62 ದಿನ, ಮಾಗೋದಕ್ಕೆ ಮತ್ತೆರಡು ವಾರ ಬೇಕು. ಜ್ವರದಲ್ಲಿ ಸುಟ್ಟುಹೋದದ್ದು ಎರಡೂವರೆ ತಿಂಗಳು ಲೆಕ್ಕಕ್ಕಿಲ್ಲ. ಆಮೇಲೆ ವೀರ್ಯ ಪರೀಕ್ಷೆ. ಒಟ್ಟು 20 ಕೋಟಿ ಮೇಲೆ, ನೂರಕ್ಕೆ 70 ಚುರುಕಾಗಿ ಮುಂದೆ ಹೋಗ್ಬೇಕು, 80 ಸರಿ ಆಕಾರದವು ಇರ್ಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಲ್ಲಿ ಮೊದ್ಲೇ ವಿಚಾರ್ಸಿ ಹೋಗಿ. ಬೆದೆಯ ಹೆಣ್ಣು ಜೊತೆಗಿದ್ರೆ ವೀರ್ಯ ತೆಗೆಯೋದು ಸಲೀಸು.

ಅಂಕೋಲಾ:
ಉಣ್ಣೆಗೆ ಇಷ್ಟೆಲ್ಲ ಯಾಕೆ? ಎಮ್ಮೆಗೆ ತಂದ ಐವರ್ಮೆಕ್ಟಿನ್ ಬಾಟ್ಲಿಯಿಂದ ಅರ್ಧ ಎಂ.ಎಲ್. ಚರ್ಮದಡಿ ಚುಚ್ಚಿ. ಕಜ್ಜಿಯೂ ಹೋಗ್ತದೆ. ನಮ್ಮಲ್ಲಿ ನಾಲ್ಕು ನಾಯಿಗೂ ಅದೇ.

ಸಿದ್ದಾಪುರ:
ದಯವಿಟ್ಟು ಇದನ್ನ ಇಲ್ಲಿ ಬರೀಬೇಡಿ. ಆ ಬಾಟ್ಲಿಯಲ್ಲಿ ಎಂ.ಎಲ್.ಗೆ 10 ಮಿ.ಗ್ರಾಂ ಮದ್ದು, ದನಕ್ಕೆ 50 ಕೆಜಿಗೆ ಒಂದು ಎಂ.ಎಲ್. ಲೆಕ್ಕ. ಅರ್ಧ ಎಂ.ಎಲ್. ಅಂದ್ರೆ 20 ಕೆಜಿ ನಾಯಿಗೆ ಕೆಜಿಗೆ 250 ಮೈಕ್ರೊಗ್ರಾಂ. ಹೃದಯದಲ್ಲಿ ಸೇರೋ ಎದೆಹುಳ ತಡೆಯೋಕೆ ಕೊಡೋ ಪ್ರಮಾಣ ಬರೀ 6. ಕೋಲಿ ರಕ್ತದ ನಾಯಿಗಳಲ್ಲಿ ಎಂಡಿಆರ್1 ಅನ್ನೋ ಜೀನಿನ ಹುಟ್ಟುದೋಷ ಇರಬಹುದು. ಇದ್ರೆ ಮದ್ದು ಮೆದುಳಿಗೇ ಹೊಕ್ಕು ಕಣ್ಣ ಪಾಪೆ ಅಗಲ, ಜೊಲ್ಲು, ತೂರಾಟ, ಕೊನೆಗೆ ಪ್ರಜ್ಞೆ ತಪ್ಪೋದು. ಇದಕ್ಕೇ ಅಂತ ಪ್ರತಿಮದ್ದಿಲ್ಲ. ಬಾರ್ಡರ್ ಕೋಲಿಯಲ್ಲಿ ಉದ್ದ ಕೂದಲಿನ ರಫ್ ಕೋಲಿ ತಳಿಯಷ್ಟು ಇಲ್ಲ ನಿಜ, ಆದ್ರೆ ಬೆರಕೆಯಲ್ಲಿ ಯಾವ ಕೋಲಿ ಸೇರಿದೆ ಅಂತ ನಿಮಗೆ ಗೊತ್ತಾ? ಉಣ್ಣೆಗೆ ಫ್ಲುರಲನರ್ ಗುಳಿಗೆ 12 ವಾರ ನಡೀತದೆ, ಫಿಟ್ಸ್ ಬರೋ ನಾಯಿಗೆ ಮಾತ್ರ ಎಚ್ಚರ.

ಅಂಕೋಲಾ:
ನಾಲ್ಕೂ ಊರನಾಯಿ, ನಾಲ್ಕೂ ಬದುಕಿವೆ. ಕೋಲಿ ಸಾಕಿದವ್ರ ಸಂಕಟ ನಮಗ್ಯಾಕೆ?

ಹಳಿಯಾಳ:
ಸರಿಯಾಗಿ ಹೇಳಿದ್ರಿ. ಗೌಳಿವಾಡದ ನಾಯಿಯನ್ನೇ ತನ್ನಿ. ನಾಲ್ಕು ಮಳೆಗಾಲ, ಉಣ್ಣೆ, ಚಿರತೆ ದಾಟಿ ಬದುಕಿದೆ ಅಂದ್ರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ್ದು? ಹೆಣ್ಣಲ್ಲೇ ಕೋಲಿ ರಕ್ತ ಇದೆ, ಇನ್ನಷ್ಟು ಯಾಕೆ ಸುರೀತೀರಿ? ಕೋಲಿ ಕುರಿಯ ಎದುರು ಬಗ್ಗಿ ದಿಟ್ಟಿಸಿ ನಡೆಸೋ ನಾಯಿ. ಕೋಡು ಬೀಸೋ ಗಿಡ್ಡ ಹಸುವಿಗೆ ದಿಟ್ಟಿಸಿದ್ರೆ ಸಾಕಾಗೋದಿಲ್ಲ, ಹಿಂಗಾಲು ಚಿವುಟ್ಬೇಕು. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಒಳ್ಳೇ ನಾಯಿ ನೆಲದ ಮೇಲೆ ಭಾರ ಊರಿದ ಕಾಲನ್ನೇ, ಗೊರಸಿನ ಮೇಲ್ಗಡೆ, ಚಿವುಟ್ತದೆ. ಆ ಕಾಲಲ್ಲಿ ತಕ್ಷಣ ಒದೆಯೋಕಾಗೋದಿಲ್ಲ. ಚಿವುಟಿದ ಕ್ಷಣಕ್ಕೇ ನೆಲಕ್ಕೆ ಅಂಟ್ತದೆ, ಒದೆ ತಲೆ ಮೇಲಿಂದ ಹೋಗ್ತದೆ. ಬಾಲಕ್ಕೆ ಜೋತು ಬೀಳೋದು, ಕೆಚ್ಚಲಿಗೆ ಬಾಯಿ ಹಾಕೋದು ಕಂಡ್ರೆ ಎಂಥಾ ಗಟ್ಟಿ ನಾಯಿಯಾದ್ರೂ ಬೇಡ. ಕೆಚ್ಚಲು ಕಚ್ಚಿಸ್ಕೊಂಡ ಹಸುವಿಗೆ ಕೆಚ್ಚಲುಬಾವು ಬರ್ತದೆ.

ಕುಮಟಾ:
ಬದುಕಿದ್ದೇ ಸರ್ಟಿಫಿಕೇಟ್ ಅಂದ್ರೆ ನಗು ಬರೋದಿಲ್ಲ, ಸಿಟ್ಟು ಬರ್ತದೆ. ಊರೆಲ್ಲ ತಿರುಗಿದ ಗಂಡಿನ ಶಿಶ್ನದ ತೊಗಲು ಹಿಂದಕ್ಕೆ ಸರಿಸಿ ಬುಡದ ತನಕ ನೋಡಿದ್ದೀರಾ? ಹೂಕೋಸಿನ ಹಾಗೆ ಕೆಂಪು ಗಡ್ಡೆ, ಮುಟ್ಟಿದ್ರೆ ರಕ್ತ. ಅದು ಟಿವಿಟಿ ಅನ್ನೋ ಗಡ್ಡೆರೋಗ, ಕೂಡಿದ ಹೆಣ್ಣಿಗೆಲ್ಲ ಅಂಟ್ತದೆ. ಸೊಂಟದ ಕೀಲು ಸಡಿಲ ಇದೆಯೋ ಅಂತ ಎಕ್ಸ್‌ರೇ ಆಗಿದೆಯಾ?

ಹಳಿಯಾಳ:
ಟಿವಿಟಿಗೆ ವಿನ್‌ಕ್ರಿಸ್ಟಿನ್ ವಾರಕ್ಕೊಂದು, ನಾಲ್ಕರಿಂದ ಆರು ಸೂಜಿ, ಬಹುಪಾಲು ಪೂರ್ತಿ ವಾಸಿ. ಒಂದು ಹನಿ ರಕ್ತನಾಳದ ಹೊರಗೆ ಬಿದ್ರೆ ಕಾಲಿನ ಮಾಂಸ ಕೊಳೀತದೆ, ಹಾಗಾಗಿ ಅಭ್ಯಾಸ ಇರೋ ಡಾಕ್ಟ್ರೇ ಕೊಡ್ಬೇಕು. ವೀರ್ಯಕ್ಕೂ ಪೆಟ್ಟು, ಕಾಯ್ಲೇಬೇಕು. ಆದ್ರೆ ಹುಟ್ಟುದೋಷಕ್ಕೆ ಸೂಜಿ ಇಲ್ಲ. ನಿಮ್ಮ ಒಂಟಿ ಬೀಜದ ನಾಯಿಗೆ ಯಾವ ಔಷಧಿ ಇತ್ತು?

ಕಾರವಾರ:
ಜಗಳ ಸಾಕು. ಕರಾವಳಿಗೆ ಶುದ್ಧ ಕೋಲಿ ತರೋರಿಗೆ ಒಂದು ಮಾತು: ಬೇಸಿಗೆಯಲ್ಲಿ ಮೈ ಬೋಳಿಸ್ಬಿಡಿ, ಏಪ್ರಿಲ್‌ ಸೆಖೆಗೆ ತಡಿಯೋದಿಲ್ಲ.

ಕುಮಟಾ:
ಬೋಳಿಸ್ಬಾರ್ದು! ಮೇಲಿನ ಉದ್ದ ಕೂದ್ಲು ಬಿಸಿಲು ತಡೀತದೆ. ಬೋಳಿಸಿದ್ರೆ ಚರ್ಮ ಸುಡ್ತದೆ, ಕೂದ್ಲು ತೇಪೆ ತೇಪೆಯಾಗಿ ಬರ್ತದೆ. ಒಳತುಪ್ಪಳ ಬಾಚಿ ತೆಗೀರಿ, ಹೊಟ್ಟೆಯಡಿ ಮಾತ್ರ ಕತ್ತರಿಸಿ. ಕೆಲ್ಸ ಬೆಳಿಗ್ಗೆ ಎಂಟೂವರೆ ಒಳಗೆ ಮುಗಿಸಿ.

ಕಾರವಾರ:
ಮೂರು ಬೇಸಿಗೆ ಬೋಳಿಸಿದ್ದೇವೆ, ಏನೂ ಆಗಿಲ್ಲ. ಕಡಲ ದಂಡೆಯ ಸೆಖೆ ಕುಮಟಾದ ಒಳಗಿನವ್ರಿಗೆ ಗೊತ್ತಿಲ್ಲ.

ಸಿದ್ದಾಪುರ:
ಕೇಳಿದವ್ರಿಗೆ ಇನ್ನೊಂದು, ಇದನ್ನ ಯಾರೂ ಹೇಳ್ಲಿಲ್ಲ. ಬ್ರುಸೆಲ್ಲಾ ಪರೀಕ್ಷೆ ಅಂತ ದನಕ್ಕೆ ಮಾಡೋ ರೋಸ್ ಬೆಂಗಾಲ್ ಮಾಡ್ಸಿ ಸುಮ್ಮನಾಗ್ಬೇಡಿ. ನಾಯಿಯ ಬ್ರುಸೆಲ್ಲಾ, ಅಂದ್ರೆ ಬ್ರುಸೆಲ್ಲಾ ಕ್ಯಾನಿಸ್, ಅದ್ರಲ್ಲಿ ಸಿಗೋದಿಲ್ಲ, ನಾಯಿಗೆ ಅಂತಲೇ ಬೇರೆ ಪರೀಕ್ಷೆ ಇದೆ. ಗೌಳಿವಾಡದ ನಾಯಿಗೆ ಎರಡೂ ಮಾಡ್ಸಿ, ಎಮ್ಮೆ ಕಂದು ಹಾಕಿದಾಗ ಮಾಸು ತಿಂದಿದ್ರೆ ದನದ ಬ್ರುಸೆಲ್ಲಾವೂ ಹತ್ತಿರಬಹುದು. ಹೆಣ್ಣುಗಳಿಗೂ ಮಾಡ್ಸಿ. ಒಂದು ಸಲ ಇಲ್ಲ ಅಂತ ಬಂದ್ರೆ ಸಾಲ್ದು, ನಾಯಿಯನ್ನ ಬೇರೆ ಕಟ್ಟಿ ಒಂದು ತಿಂಗಳು ಬಿಟ್ಟು ಮತ್ತೆ. ಮನುಷ್ಯರಿಗೂ ಅಂಟ್ತದೆ, ಮರಿ ಹಾಕಿಸುವಾಗ ಬರಿಗೈ ಬೇಡ.

14 ತಿಂಗಳದ್ದು ಈಗ ಬೆದೆಗೆ ಬೇಡ. ಎರಡು ವರ್ಷ ತುಂಬ್ಲಿ, ಸೊಂಟದ ಎಕ್ಸ್‌ರೇ ಆವಾಗ ತೆಗೆಸಿ, ಕಾಲು ಹಿಂದಕ್ಕೆ ನೀಟಾಗಿ ಎಳ್ದು, ಮಂಪರು ಕೊಟ್ಟೇ. ಎಚ್ಚರ ಇರೋ ನಾಯಿ ಸ್ನಾಯು ಬಿಗಿ ಹಿಡಿದ್ರೆ ಸಡಿಲ ಸೊಂಟವೂ ಗಟ್ಟಿ ಕಾಣ್ತದೆ.

ಹಳಿಯಾಳ:
ಅಷ್ಟರಲ್ಲಿ ಹೆಣ್ಣುಗಳಿಗೆ ನಾಲ್ಕು ವರ್ಷ ಆಗಿರ್ತದೆ. ಮೊದಲ ಸೂಲಿಗೆ ಅಷ್ಟು ಕಾಯ್ಸೋದು ಸರಿಯಲ್ಲ. ಗೌಳಿವಾಡದ್ದಕ್ಕೆ ಎರಡೂ ರಕ್ತಪರೀಕ್ಷೆ ಮಾಡ್ಸಿ, ತೊಗಲು ಸರಿಸಿ ನೋಡಿ, ಮುಂದಿನ ಬೆದೆಗೇ ಬಿಡಿ.

ಕುಮಟಾ:
ಎಕ್ಸ್‌ರೇ ಅದಕ್ಕೂ ತೆಗೆಸಿ ಅಂತ ಮಾತ್ರ ಬಾಯಿಂದ ಬರ್ಲಿಲ್ಲ ನೋಡಿ.