.223 ರೈಫಲ್‌ನಲ್ಲಿ ಭಾರದ ಗುಂಡುಗಳು ಚದುರುವುದೇಕೆ?

ಪ್ರಶ್ನೆ: ಅಮೆರಿಕದ ವಯೋಮಿಂಗ್‌ನಲ್ಲಿ ಪ್ರೇರಿ ಡಾಗ್ (ಬಿಲದಲ್ಲಿ ವಾಸಿಸುವ ಅಳಿಲಿನ ಜಾತಿಯ ಪ್ರಾಣಿ) ಬೇಟೆಗೆ ಬಳಸುವ ನನ್ನ .223 ರೆಮಿಂಗ್ಟನ್ (ತೋಟಾದ ಹೆಸರು) ರೈಫಲ್ 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡುಗಳನ್ನು 100 ಗಜದಲ್ಲಿ ಒಂದು ಇಂಚಿನೊಳಗೆ ಕೂಡಿಸುತ್ತದೆ. ಆದರೆ ಗಾಳಿಗೆ ಕಡಿಮೆ ಸರಿಯಲೆಂದು 69 ಗ್ರೇನ್ ಗುಂಡು ಹಾಕಿದರೆ ಗುರಿಹಾಳೆಯಲ್ಲಿ ಅಂಡಾಕಾರದ ತೂತುಗಳು ಕಾಣುತ್ತವೆ. ಬ್ಯಾರೆಲ್‌ನ ತಿರುವು (ಗುಂಡನ್ನು ಸುತ್ತಿಸುವ ಒಳಗಿನ ಸುರುಳಿ ಗೀರು) 12 ಇಂಚಿಗೆ ಒಂದು ಸುತ್ತು.

ಉತ್ತರ 1: ಆ ತಿರುವೇ ಕಾರಣ. ಭಾರದ ಗುಂಡು ಸಾಮಾನ್ಯವಾಗಿ ಹೆಚ್ಚು ಉದ್ದ; ಗುಂಡು ಉದ್ದವಾದಷ್ಟೂ ಅದರ ಮೂತಿ ನೇರವಾಗಿರಲು ಹೆಚ್ಚು ವೇಗದ ಸುತ್ತುವಿಕೆ ಬೇಕು. ಅದು ಸಾಲದೆ ನಿಮ್ಮ ಗುಂಡು ಓರೆಯಾಗಿ ಹಾಳೆಯನ್ನು ಹೊಡೆಯುತ್ತಿದೆ. 69 ಗ್ರೇನ್‌ಗೆ 9 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್ ಬೇಕು. ಈ ರೈಫಲ್‌ಗೆ 40ರಿಂದ 55 ಗ್ರೇನ್ ಸಾಕು, ಅದೇ ಇದರ ನಿಜವಾದ ಬಲ.

ಉತ್ತರ 2: ಒಪ್ಪುತ್ತೇನೆ. ಜೊತೆಗೆ, ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬ್ಯಾರೆಲ್ ಮತ್ತು ಸ್ಟಾಕ್ (ಬ್ಯಾರೆಲ್ ಕೂರುವ ಹಿಡಿಕೆಯ ಭಾಗ) ನಡುವೆ ಕಾಗದದ ಪಟ್ಟಿ ಸರಾಗವಾಗಿ ಜಾರುತ್ತದೆಯೇ ನೋಡಿರಿ. ಎಲ್ಲಾದರೂ ತಾಗಿದ್ದರೆ, ಬ್ಯಾರೆಲ್ ಬಿಸಿಯೇರಿದಂತೆ ಗುಂಡು ಬೀಳುವ ಜಾಗ ಸರಿಯುತ್ತ ಹೋಗಬಹುದು.