ತಾರಸಿಯ ಮೇಲಿನ ಸೋಲಾರ್ ಯಾರಿಗೆ ಸೇರಿದ್ದು?

ಗುಂಪು: ಕುವೆಂಪುನಗರದ ಮನೆ
ಮಂಗಳವಾರ

ಅಕ್ಕ (ಬೆಳಿಗ್ಗೆ 7.10): ಲಾರಿಯವರು ಶನಿವಾರ ಬೆಳಿಗ್ಗೆಯೇ ಬರುತ್ತಾರಂತೆ. ಶಿವಮೊಗ್ಗಕ್ಕೆ ಏನೇನು ಸಾಗಿಸಬೇಕು ಎಂಬ ಪಟ್ಟಿಯನ್ನು ಇವತ್ತು ಕೊಡಲೇಬೇಕು. ಅಮ್ಮನ ಮಂಚ, ಫ್ರಿಜ್, ವಾಷಿಂಗ್ ಮೆಷಿನ್, ಎರಡು ಬೀರು ನಮ್ಮಲ್ಲಿಗೆ ಬರುತ್ತವೆ. ಉಳಿದದ್ದರಲ್ಲಿ ಯಾರಿಗೆ ಏನು ಬೇಕೋ ಈಗಲೇ ಬರೆಯಿರಿ.

ಅಣ್ಣ (7.24): ಸೋಲಾರ್ ಹೀಟರ್, ಇನ್ವರ್ಟರ್, ಬ್ಯಾಟರಿ ಬೆಂಗಳೂರಿಗೆ. ಶುಕ್ರವಾರ ಬಂದು ಬಿಚ್ಚಿಕೊಡಲು ಪ್ಲಂಬರ್‌ಗೆ ಹೇಳಿದ್ದೇನೆ.

ನಾನು (7.26): ಅಣ್ಣ, ಸೋಲಾರ್ ಬಿಚ್ಚಿಸಬೇಡ. ಮುಂಗಡ ತೆಗೆದುಕೊಂಡಾಗಿದೆ.

ಅಣ್ಣ (7.31): ಮುಂಗಡ ತೆಗೆದುಕೊಂಡದ್ದು ಮನೆಗೆ. ಸೋಲಾರ್‌ಗೆ ದುಡ್ಡು ಕೊಟ್ಟವನು ನಾನು. ಗೀಸರ್ ಸುಟ್ಟುಹೋಗಿ ಅಪ್ಪ ಒಲೆಯ ಮೇಲೆ ನೀರು ಕಾಯಿಸಿ, ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಅದನ್ನು ನೋಡಲಾಗದೆ ಹಾಕಿಸಿದೆ. ಈಗ ನಾನು ಕಟ್ಟಿಸುತ್ತಿರುವ ಮನೆಗೆ ಕರೆಂಟ್ ಸಂಪರ್ಕ ಕೊಡುವ ಮೊದಲು ಸೋಲಾರ್ ಹೀಟರ್ ಇದೆಯೇ ಎಂದು ಕೇಳುತ್ತಾರೆ. ಚೆನ್ನಾಗಿರುವುದನ್ನು ಬಿಟ್ಟು ಇನ್ನೊಂದನ್ನು ಯಾಕೆ ಕೊಳ್ಳಲಿ?

ನಾನು (7.45): ನೀನು ಕೊಟ್ಟ ದುಡ್ಡನ್ನು ಯಾರೂ ಮರೆತಿಲ್ಲ. ಆದರೆ ಕೊಳ್ಳುವವರು ಮನೆ ನೋಡಲು ಬಂದ ದಿನವನ್ನು ನೆನಪಿಸಿಕೋ. ಅವರ ತಾಯಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಬಿಸಿನೀರು ಬರುವವರೆಗೂ ನೀರಿಗೆ ಬೆರಳೊಡ್ಡಿಕೊಂಡೇ ನಿಂತಿದ್ದರು. ಆಗ ನೀನೇ ಹೇಳಿದೆ, "ಬಿಸಿಲಿದ್ದ ದಿನ ನಾಲ್ಕು ಜನ ಸ್ನಾನ ಮಾಡಿದರೂ ನೀರು ಉಳಿಯುತ್ತದೆ ತಾಯಿ" ಎಂದು. ಮರುವಾರ ಅವರು ಮುಂಗಡ ತಂದುಕೊಟ್ಟರು. ಕರಾರು ಪತ್ರಕ್ಕಿಂತ ಮೊದಲೇ ನಾವು ಆ ನೀರನ್ನು ತೋರಿಸಿ ಮಾತು ಕೊಟ್ಟಿದ್ದೇವೆ.

ಅಣ್ಣ (7.52): ಕರಾರು ಪತ್ರದಲ್ಲಿ ಸೋಲಾರ್ ಎಂಬ ಪದವೇ ಇಲ್ಲ. ಬೇಕಾದರೆ ಮತ್ತೊಮ್ಮೆ ಓದಿ ನೋಡು.

ಭಾವ (8.20): ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆ ಪದ ಇಲ್ಲದಿರುವುದೇ ನಮಗೆ ತೊಡಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಂ ಏನು ಹೇಳುತ್ತದೆ ಎಂದರೆ, ಬೇರೆ ಉದ್ದೇಶ ಕಂಡುಬರದಿದ್ದರೆ, ಮನೆ ಮಾರಿದಾಗ ಅದರ ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿ ಹಾಗೂ ಮನೆಯ ಜೊತೆ ಶಾಶ್ವತ ಬಳಕೆಗೆಂದು ಒದಗಿಸಿದ ಇತರ ವಸ್ತುಗಳೆಲ್ಲ ಕೊಂಡವರಿಗೆ ಹೋಗುತ್ತವೆ. ಸೋಲಾರ್ ನಮಗೆ ಬೇಕಿದ್ದರೆ "ಇದನ್ನು ಬಿಟ್ಟು" ಎಂದು ನಾವೇ ಬರೆಸಬೇಕಿತ್ತು. ಬರೆಸಲಿಲ್ಲ.

ಅಣ್ಣ (8.34): ಭಾವ, ಅದು ನಾಲ್ಕು ಬೋಲ್ಟ್‌ಗಳ ಮೇಲೆ ನಿಂತಿರುವ ಸ್ಟ್ಯಾಂಡ್. ಬಾಗಿಲು, ಕಿಟಕಿಯ ಹಾಗೆ ಗೋಡೆಯಲ್ಲಿ ಹುದುಗಿಲ್ಲ. ನಾಳೆ ಸೀಲಿಂಗ್ ಫ್ಯಾನ್ ಕೂಡ ಶಾಶ್ವತ ಎನ್ನುತ್ತೀರಾ?

ಭಾವ (8.41): ಫ್ಯಾನ್ ಬಿಚ್ಚಿದರೆ ಕೊಕ್ಕೆ ಉಳಿಯುತ್ತದೆ, ಅವರು ಇನ್ನೊಂದು ಫ್ಯಾನ್ ತಂದು ನೇತುಹಾಕುತ್ತಾರೆ. ಅದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಸೋಲಾರ್ ವಿಷಯವೇ ಬೇರೆ. ಗೋಡೆಯೊಳಗಿನ ಬಿಸಿನೀರಿನ ಪೈಪ್ ಇರುವುದೇ ಅದಕ್ಕಾಗಿ.

ನಾನು (9.05): ಅಣ್ಣ, ನಿನಗೆ ಲಾಭವಿದೆಯೇ ಎಂದಾದರೂ ನೋಡು. ಅದು 200 ಲೀಟರಿನದು, ಗಾಜಿನ ಕೊಳವೆಗಳದ್ದು. ಟ್ಯಾಂಕ್ ಖಾಲಿ ಮಾಡಿ ಕೊಳವೆಗಳನ್ನು ಒಂದೊಂದಾಗಿ ಹೊರಗೆ ಎಳೆಯಬೇಕು. ಒಳಗಿನ ರಬ್ಬರ್ ಉಂಗುರಗಳು ಇಷ್ಟು ವರ್ಷದ ಬಿಸಿಗೆ ಗಟ್ಟಿಯಾಗಿರುತ್ತವೆ. ಎಳೆಯುವಾಗಲೇ ಒಂದೆರಡು ಕೊಳವೆ ಒಡೆಯುತ್ತವೆ, ಲಾರಿಯಲ್ಲಿ ಇನ್ನೆರಡು. ಆ ಕೊಳವೆಗೆ ಎರಡು ಪದರ ಗಾಜು, ನಡುವೆ ಗಾಳಿಯೇ ಇಲ್ಲ. ಗಾಳಿ ಒಳಗೆ ಹೊಕ್ಕರೆ ತುದಿಯ ಬೆಳ್ಳಿ ಬಣ್ಣ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಮತ್ತೆ ಅದು ಬಿಸಿ ಹಿಡಿಯುವುದಿಲ್ಲ. ಕಳೆದ ತಿಂಗಳು ತಾರಸಿಗೆ ಹೋದಾಗ ನೋಡಿದೆ, ಈಗಾಗಲೇ ಮೂರು ಹಾಗಾಗಿವೆ. ಬಿಚ್ಚುವ ಕೂಲಿ, ಸಾಗಣೆ, ಹೊಸ ಕೊಳವೆ, ಹೊಸ ಉಂಗುರ, ಅಲ್ಲಿ ಜೋಡಿಸುವ ಕೂಲಿ. ಇದೆಲ್ಲವನ್ನೂ ಕೂಡಿಸಿ ನೋಡು.

ಇತ್ತ ಮೈಸೂರಿನಲ್ಲಿ ಏನು ಉಳಿಯುತ್ತದೆ? ತಾರಸಿಯಲ್ಲಿ ಬಾಯಿ ತೆರೆದ ಎರಡು ಪೈಪ್, ಬೋಲ್ಟ್ ಕಿತ್ತ ನಾಲ್ಕು ತೂತು. ಮೊದಲ ಮಳೆಗೇ ಅಡುಗೆಮನೆಯ ಸೂರು ಸೋರುತ್ತದೆ. ಗೃಹಪ್ರವೇಶದ ದಿನ ಆ ತಾಯಿ ಅದೇ ನಲ್ಲಿ ತಿರುಗಿಸುತ್ತಾರೆ. ಅಪ್ಪ 32 ವರ್ಷ ಬಾಳಿದ ಬೀದಿಯಲ್ಲಿ ನಮ್ಮ ಬಗ್ಗೆ ಏನು ಮಾತು ಉಳಿಯುತ್ತದೆ ಎಂಬುದು ನನಗೆ ಮುಖ್ಯ. ನಿನಗೂ ಮುಖ್ಯ ಎಂದು ನನಗೆ ಗೊತ್ತು.

ತಮ್ಮ (9.11): ಇಲ್ಲಿ ನ್ಯೂಜೆರ್ಸಿಯಲ್ಲಿ ರಾತ್ರಿಯಾಗಿದೆ, ಮಲಗುವ ಮೊದಲು ಒಂದು ಮಾತು. ಗ್ರೈಂಡರ್ ನನಗೆ ಇಡಿ. ಬೇರೆ ಏನೂ ಬೇಡ. ಡಿಸೆಂಬರ್‌ನಲ್ಲಿ ಬಂದಾಗ ತೆಗೆದುಕೊಂಡು ಹೋಗುತ್ತೇನೆ.

ಅಕ್ಕ (9.13): ಗ್ರೈಂಡರ್ ಅಮ್ಮನ ಜೊತೆ ಶಿವಮೊಗ್ಗಕ್ಕೆ. ಅಮ್ಮ ಇರುವ ಕಡೆಗೇ ಅಲ್ಲವೇ ಅದು ಇರಬೇಕಾದದ್ದು?

ತಮ್ಮ (9.15): ಅಕ್ಕ, ನಿನ್ನಲ್ಲಿ ಆಗಲೇ ಒಂದು ಇದೆ. ನಾನು ಭಾನುವಾರ ಬೆಳಿಗ್ಗೆ ಎದ್ದಾಗಲೆಲ್ಲ ಅದರ ಸದ್ದು ಕೇಳಿಸುತ್ತಿತ್ತು. ಇಲ್ಲಿ ಎಷ್ಟು ವರ್ಷ ಇದ್ದರೂ ಭಾನುವಾರ ಅದಿಲ್ಲದೆ ಬಿಕೋ ಎನ್ನುತ್ತದೆ.

ನಾನು (9.22): ನಿನ್ನ ಆಸೆ ನನಗೆ ಅರ್ಥವಾಗುತ್ತದೆ, ಪುಟ್ಟ. ಆದರೆ ಅಲ್ಲಿ ಅದು ಸರಿಯಾಗಿ ತಿರುಗುವುದಿಲ್ಲ. ಇಲ್ಲಿಯ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ವೋಲ್ಟೇಜ್ ಏರಿಸಲು ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಅದು ಹರ್ಟ್ಸ್ ಬದಲಿಸುವುದಿಲ್ಲ. ಆ ಬಗೆಯ ಮೋಟರ್ ಅಲ್ಲಿ ಐದನೇ ಒಂದು ಪಾಲು ಜೋರಾಗಿ ತಿರುಗಿ ಕಾಯುತ್ತದೆ. ಹಿಟ್ಟೂ ಬಿಸಿಯಾಗುತ್ತದೆ. ಕಲ್ಲಿನ ಭಾರವಂತೂ ವಿಮಾನದವರು ಒಂದು ಪೆಟ್ಟಿಗೆಗೆ ಬಿಡುವ 23 ಕಿಲೋ ಒಳಗೆ ಬರುವುದೇ ಇಲ್ಲ. ಅಲ್ಲಿಯ ಕರೆಂಟಿಗೆ ಹೊಂದುವ ಕೊಯಮತ್ತೂರಿನ ಗ್ರೈಂಡರ್ ಅಲ್ಲಿಯೇ ಸಿಗುತ್ತದೆ, ಅದನ್ನು ಕೊಂಡುಕೋ.

ತಮ್ಮ (9.24): ಹಾಗಾದರೆ ಬರೀ ಕಲ್ಲು?

ಅಕ್ಕ (9.26): ಕಲ್ಲಿಲ್ಲದ ಗ್ರೈಂಡರ್ ಯಾರಿಗೆ ಬೇಕು? ಇಡಿಯಾಗಿ ಇಲ್ಲಿಗೇ ಬರಲಿ. ನೀನು ಬಂದಾಗ ಅದರಲ್ಲೇ ರುಬ್ಬಿದ ದೋಸೆ ಹಾಕುತ್ತೇನೆ.

ಅಮ್ಮ (10.02): ಪೂಜೆ ಮುಗಿಸಿ ಈಗ ನೋಡಿದೆ. ಗ್ರೈಂಡರ್‌ಗೆ ಇಷ್ಟು ಹೊತ್ತು ಜಗಳವೇ? ಅದು ಕೆಟ್ಟು ಒಂದೂವರೆ ವರ್ಷವಾಯಿತು. ಬೆಲ್ಟ್ ಹೋಗಿದೆ, ಕಲ್ಲು ನುಣುಪಾಗಿದೆ, ಉಳಿ ಹೊಡೆಯುವವನು ಈ ಕಡೆ ಬರುತ್ತಿಲ್ಲ. ಓರೆ ಮಾಡಿ ಹಿಟ್ಟು ತೆಗೆಯಲು ನನ್ನ ಮಣಿಕಟ್ಟಿಗೂ ಶಕ್ತಿಯಿಲ್ಲ. ನಾನು ಮಿಕ್ಸಿಯಲ್ಲೇ ರುಬ್ಬುತ್ತಿದ್ದೇನೆ. ನೀವು ಬಂದಾಗ ತಿಂದ ಇಡ್ಲಿ ಅದರದ್ದೇ.

ಹಿಂದಿನ ಬೀದಿಯಲ್ಲಿ ಹಿಟ್ಟು ರುಬ್ಬಿ ಮಾರುವ ಹೆಂಗಸು ಕೇಳಿದಳು. ರಿಪೇರಿ ಮಾಡಿಸಿಕೊಳ್ಳುತ್ತಾಳಂತೆ. ಕೊಡುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ಹೇಳಿದ ಮೇಲೆ ಆಯಿತು.

ತಮ್ಮ (10.05): ನಮಗೆ ಒಂದು ಮಾತು ಹೇಳಬಾರದಿತ್ತೇ ಅಮ್ಮ?

ಅಮ್ಮ (10.09): ನೀವು ಯಾರೂ ಕೇಳಲಿಲ್ಲವಲ್ಲ, ಮಗು. ಗುಂಡುಕಲ್ಲು ಬೇಕಿದ್ದರೆ ಅವಳನ್ನು ಕೇಳಿ ನೋಡು, ನಾನು ಕೇಳುವುದಿಲ್ಲ. ನನಗೆ ಬೇಕಾದದ್ದು ಸಣ್ಣ ಮಿಕ್ಸಿ, ಅಡುಗೆಮನೆಯ ರೇಡಿಯೊ. ಫ್ರಿಜ್ ನಿಲ್ಲಿಸಿಕೊಂಡೇ ಸಾಗಿಸಲಿ, ಮಲಗಿಸಬಾರದು. ಇಳಿಸಿದ ತಕ್ಷಣ ಸ್ವಿಚ್ ಹಾಕಬಾರದು, ನಾಲ್ಕು ಗಂಟೆ ಬಿಡಬೇಕು ಎಂದು ನಿಮ್ಮಪ್ಪ ಹೇಳುತ್ತಿದ್ದರು.

ಅಕ್ಕ (10.15): ಸರಿ ಅಮ್ಮ. ಗ್ಯಾಸ್ ಸಂಪರ್ಕ ಅಪ್ಪನ ಹೆಸರಿನಲ್ಲೇ ಇದೆ. ಸಿಲಿಂಡರ್, ರೆಗ್ಯುಲೇಟರ್ ಲಾರಿಗೂ ಹಾಕುವ ಹಾಗಿಲ್ಲ, ಮನೆಯಲ್ಲೂ ಬಿಡುವ ಹಾಗಿಲ್ಲ. ಏಜೆನ್ಸಿಗೆ ಮರಣ ಪ್ರಮಾಣಪತ್ರ ಕೊಟ್ಟು ನಿನ್ನ ಹೆಸರಿಗೆ ಮಾಡಿಸಿಯೇ ಶಿವಮೊಗ್ಗಕ್ಕೆ ವರ್ಗ ಮಾಡಿಸಬೇಕು. ಅದನ್ನು ಇವರು ನೋಡಿಕೊಳ್ಳುತ್ತಾರೆ.

ಅಣ್ಣ (11.40): ಸೋಲಾರ್ ಬಗ್ಗೆ ಅಮ್ಮ ಏನನ್ನುತ್ತಾಳೆ?

ಅಮ್ಮ (11.52): ನೀನು ಹಾಕಿಸಿದ ಮೇಲೆ ನಿಮ್ಮಪ್ಪ ಕರೆಂಟ್ ಬಿಲ್ ಬಂದಾಗಲೆಲ್ಲ ಸೋಲಾರ್ ರಿಯಾಯಿತಿ 50 ರೂಪಾಯಿ ಎಂದು ಬೆರಳಿಟ್ಟು ನನಗೆ ತೋರಿಸುತ್ತಿದ್ದರು. ಮಗ ಕೊಟ್ಟದ್ದು ಎನ್ನುತ್ತಿದ್ದರು. ಇಲ್ಲಿಯೇ ಬಿಡು ಎಂದು ನಾನು ಹೇಳಿದರೆ ನಿನಗೆ ಬೇಸರವಾಗುತ್ತದೆ, ತೆಗೆದುಕೊಂಡು ಹೋಗು ಎಂದರೆ ನನಗೆ ಬೇಸರ. ಆ ತಾಯಿಗೆ ನನ್ನಷ್ಟೇ ವಯಸ್ಸು.

ನಾನು (12.03): ಅಣ್ಣ, ನನ್ನದು ಒಂದೇ ಕೋರಿಕೆ. ನಿನಗೆ ಬೇಕೇ ಬೇಕು ಎನ್ನಿಸಿದರೆ ಕೊಳ್ಳುವವರಿಗೆ ಇವತ್ತೇ ಫೋನ್ ಮಾಡಿ ಕೇಳು. "ಸೋಲಾರ್ ತೆಗೆಯುತ್ತೇವೆ, ಅದರ ಬೆಲೆಯನ್ನು ಇಳಿಸಿಕೊಳ್ಳುತ್ತೇವೆ" ಎನ್ನು. ಅವರು ಒಪ್ಪಿದರೆ ನಾನೇ ಶುಕ್ರವಾರ ಬಂದು ಪೈಪಿಗೆ ಮುಚ್ಚಳ ಹಾಕಿಸುತ್ತೇನೆ. ಕೇಳದೆ ಬಿಚ್ಚುವುದು ಮಾತ್ರ ಬೇಡ.

ಅಕ್ಕ (12.10): ಅಲ್ಲಿಯೇ ಬಿಡುವುದಾದರೆ ಮನೆಯ ಹಣ ಬಂದಾಗ ಮೊದಲು ಅಣ್ಣನ ಸೋಲಾರ್ ದುಡ್ಡನ್ನು ತೆಗೆದಿಟ್ಟು ಆಮೇಲೆ ಪಾಲು ಮಾಡೋಣ. ಅವನೊಬ್ಬನೇ ನಷ್ಟ ಹೊರುವುದು ಸರಿಯಲ್ಲ.

ತಮ್ಮ (12.12): ನನ್ನ ಒಪ್ಪಿಗೆ ಇದೆ. ಮಲಗುತ್ತೇನೆ.

ಅಣ್ಣ (ಸಂಜೆ 6.48): ಫೋನ್ ಮಾಡಿದೆ. ನಾನು ಕೇಳುವ ಮೊದಲೇ ಅವರು, ಗೀಸರ್‌ಗೆಂದು ಇಟ್ಟ ಹಣದಲ್ಲಿ ತಾಯಿಗೆ ಬಚ್ಚಲಲ್ಲಿ ಹಿಡಿಕೆ ಹಾಕಿಸುತ್ತಿದ್ದೇವೆ ಎಂದರು. ಆಮೇಲೆ ನನಗೆ ಕೇಳಲು ಬಾಯಿ ಬರಲಿಲ್ಲ. ಪ್ಲಂಬರ್‌ಗೆ ಬೇಡ ಎಂದು ಹೇಳಿದ್ದೇನೆ. ಅಕ್ಕ, ಪೂರ್ತಿ ದುಡ್ಡು ಬೇಡ, ಅರ್ಧ ಸಾಕು. ಇಷ್ಟು ವರ್ಷ ಬಳಸಿದ್ದೇವಲ್ಲ.

ನಾನು (6.50): ಅಣ್ಣ, ತುಂಬಾ ಸಮಾಧಾನವಾಯಿತು.

ಭಾವ (6.55): ಹಾಗಾದರೆ ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಬಿಟ್ಟುಕೊಡುವುದನ್ನೆಲ್ಲ ಹೆಸರಿಸಿ ಬರೆಸುತ್ತೇನೆ. ಸೋಲಾರ್, ಸಂಪಿನ ಮೋಟರ್, ಫ್ಯಾನ್‌ಗಳು. ಇನ್ವರ್ಟರ್ ಏನು ಮಾಡುವುದು?

ಅಣ್ಣ (7.02): ಅದಕ್ಕೂ ಗೋಡೆಯೊಳಗೆ ಬೇರೆಯೇ ವೈರಿಂಗ್ ಇದೆ. ಅಲ್ಲೇ ಇರಲಿ. ಬ್ಯಾಟರಿಯ ನೀರು ಕಡಿಮೆಯಾಗಿರಬೇಕು, ಶುಕ್ರವಾರ ನಾನು ಬಂದು ಡಿಸ್ಟಿಲ್ಡ್ ವಾಟರ್ ತುಂಬಿಸುತ್ತೇನೆ. ಬೆಳ್ಳಗಾದ ಆ ಮೂರು ಕೊಳವೆಗಳನ್ನೂ ಬದಲಾಯಿಸಿಯೇ ಬೀಗದ ಕೈ ಕೊಡೋಣ.