ಸಣ್ಣ ತಾಲ್ಲೂಕಿನ ಕೋರ್ಟಲ್ಲಿ ಎನ್‌ಬಿಡಬ್ಲ್ಯೂ (ನಾನ್‌ಬೇಲೆಬಲ್ ವಾರಂಟ್): ಹುಡುಕೋದು ಎಲ್ಲಿ, ರೀಕಾಲ್ (ರದ್ದು) ಮಾಡಿಸೋದು ಹೇಗೆ?

ಕೇಳಿದವರು (ತಮ್ಮನ ಪರವಾಗಿ ಅಕ್ಕ)
ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. 2021ರಲ್ಲಿ ಊರ ಹತ್ತಿರ ಬೈಕ್ ಆಕ್ಸಿಡೆಂಟ್ ಆಗಿ ಅವನ ಮೇಲೆ ಐಪಿಸಿ 279 (ಅಜಾಗರೂಕ ಚಾಲನೆ), 337 (ಅಜಾಗರೂಕತೆಯಿಂದ ಗಾಯ) ಕೇಸ್ ಹಾಕಿದ್ದರು. ಠಾಣೆಯಲ್ಲೇ ಬೇಲ್ ಆಯಿತು. ಆಮೇಲೆ ಸಮನ್ಸ್ ಕೈಗೆ ಬಂದಿಲ್ಲ, ಮನೆಯೂ ಬದಲಾಗಿದೆ. ಈಗ ಪೊಲೀಸರು ಊರಿನ ಮನೆಗೆ ಬಂದು "ವಾರಂಟ್ ಇದೆ, ಹುಡುಗನ್ನ ಕಳಿಸಿ" ಅಂತ ಅಪ್ಪನಿಗೆ ಹೇಳಿ ಹೋಗಿದ್ದಾರೆ. ಕೇಸ್ ನಂಬರ್ ಗೊತ್ತಿಲ್ಲ. ಇಡೀ ತಾಲ್ಲೂಕಿಗೆ ಒಂದೇ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್. ಎಲ್ಲಿಂದ ಶುರು ಮಾಡೋದು? ಗೊತ್ತಿರುವವರು ದಯವಿಟ್ಟು ಹೇಳಿ.

ತಾಲ್ಲೂಕು ಕೋರ್ಟಿನ ವಕೀಲರು
ಮೇಡಂ, ಮೊದಲು ಕೇಸ್ ನಂಬರ್ ಹುಡುಕಿ. ಇ-ಕೋರ್ಟ್ಸ್ ಸೈಟ್ ಅಥವಾ ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ, ನಿಮ್ಮ ತಾಲ್ಲೂಕಿನ ಕೋರ್ಟ್ ಕಾಂಪ್ಲೆಕ್ಸ್ ಆರಿಸಿ, ಎಫ್‌ಐಆರ್ ನಂಬರ್ ಮೇಲೆ ಹುಡುಕಿ. ಠಾಣೆಯ ಹೆಸರು, ಕ್ರೈಂ ನಂಬರ್ (ಎಫ್‌ಐಆರ್ ನಂಬರ್ ಅಂದರೆ ಇದೇ), ವರ್ಷ ಸಾಕು. ಕ್ರೈಂ ನಂಬರ್ ಇಲ್ಲದಿದ್ದರೆ ಬೈಕಿನ ಇನ್ಶೂರೆನ್ಸ್ ಕ್ಲೇಮ್ ಕಾಗದವನ್ನೋ ಗಾಯಾಳು ಹಾಕಿದ ಎಂವಿಸಿ (ಅಪಘಾತ ಪರಿಹಾರದ) ಕೇಸಿನ ನೋಟಿಸನ್ನೋ ತೆಗೆದು ನೋಡಿ.

ಅದೂ ಸಿಗದಿದ್ದರೆ ಹೆಸರಿನ ಮೇಲೆ ಹುಡುಕಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ಸ್ಪೆಲ್ಲಿಂಗ್. ನಮ್ಮ ಹೆಸರುಗಳನ್ನು ಠಾಣೆಯವರು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಬರೆದಿರುತ್ತಾರೆ, ಹಾಗಾಗಿ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ. ಇನ್ನೊಂದು ವರ್ಷ. ಅಲ್ಲಿ ಕೇಳುವುದು ಕೋರ್ಟಿನಲ್ಲಿ ಕೇಸ್ ದಾಖಲಾದ ವರ್ಷ, ಆಕ್ಸಿಡೆಂಟ್ ಆದ ವರ್ಷ ಅಲ್ಲ. ಚಾರ್ಜ್‌ಶೀಟ್ ತಡವಾಗಿದ್ದರೆ 2022, 2023ರಲ್ಲಿ ಇರಬಹುದು. ಮೂರೂ ವರ್ಷ ನೋಡಿ.

ಸಿಕ್ಕಿದ ತಕ್ಷಣ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ (ಇ-ಕೋರ್ಟ್ಸ್‌ನಲ್ಲಿ ಆ ಕೇಸಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಹಿಯರಿಂಗ್ ಹಿಸ್ಟರಿಯಲ್ಲಿ ಒಂದೊಂದು ತಾರೀಖಿನ ಮೇಲೂ ಒತ್ತಿ ಅಂದಿನ ನಡಾವಳಿ ಓದಿ. ಸಮನ್ಸ್ "ಜಾರಿಯಾಗದೆ ವಾಪಸ್" ಎಂದಿದೆಯೇ? ಬೇಲೆಬಲ್ ವಾರಂಟ್ ಆದ ಮೇಲೆ ಎನ್‌ಬಿಡಬ್ಲ್ಯೂ ಆಯಿತೇ, ನೇರವಾಗಿ ಆಯಿತೇ? ಸಮನ್ಸ್, ಬೇಲೆಬಲ್ ವಾರಂಟ್, ಕೊನೆಗೆ ಎನ್‌ಬಿಡಬ್ಲ್ಯೂ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲೇ ಹೇಳಿದೆ. ಸಮನ್ಸೇ ತಲುಪಿಲ್ಲ ಎಂದು ನಡಾವಳಿಯಲ್ಲೇ ಇದ್ದರೆ ರೀಕಾಲ್ ಅರ್ಜಿಗೆ ಅದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ. "ಉದ್ಘೋಷಣೆ" ಅಂದರೆ ಪ್ರೊಕ್ಲಮೇಷನ್ (ತಲೆಮರೆಸಿಕೊಂಡವನು ಹಾಜರಾಗಬೇಕೆಂಬ ಬಹಿರಂಗ ಪ್ರಕಟಣೆ) ಎಂಬ ಮಾತು ಕಂಡರೆ ವಿಷಯ ಮುಂದೆ ಹೋಗಿದೆ, ಆಸ್ತಿ ಜಪ್ತಿಗೂ ದಾರಿ ಇದೆ. ಆಗ ಒಂದು ದಿನವೂ ತಡ ಮಾಡಬೇಡಿ.

ನಿವೃತ್ತ ಬೆಂಚ್ ಕ್ಲರ್ಕ್
ಲಾಯರ್ ಸಾಹೇಬರು ಬಿಟ್ಟಿದ್ದು ಒಂದಿದೆ. "ಪೆಂಡಿಂಗ್" ಮಾತ್ರ ನೋಡಿ ಬಿಡಬೇಡಿ, "ಡಿಸ್ಪೋಸ್ಡ್" ಕೂಡ ತೆಗೆಯಿರಿ. ಆರೋಪಿ ವರ್ಷಗಟ್ಟಲೆ ಸಿಗದಿದ್ದರೆ ಕೋರ್ಟು ಸಿ.ಸಿ. ಕೇಸನ್ನು (ಮ್ಯಾಜಿಸ್ಟ್ರೇಟ್ ಕೋರ್ಟಿನ ಮಾಮೂಲಿ ಕ್ರಿಮಿನಲ್ ಕೇಸು) ಅಂಕಿಅಂಶದ ಲೆಕ್ಕಕ್ಕೆ ಮಾತ್ರ ಮುಗಿಸಿ ಎಲ್‌ಪಿಸಿ ರಿಜಿಸ್ಟರಿಗೆ, ಅಂದರೆ ಲಾಂಗ್ ಪೆಂಡಿಂಗ್ ಕೇಸಿಗೆ, ಹಾಕುತ್ತದೆ. ಹಳೇ ನಂಬರ್ ಒತ್ತಿದರೆ ಕೇಸ್ ಮುಗಿದಂತೆ ತೋರಿಸುತ್ತದೆ. ಜನ ಖುಷಿಯಾಗಿ ಮನೆಗೆ ಹೋಗ್ತಾರೆ, ವಾರಂಟು ಮಾತ್ರ ಎಲ್‌ಪಿಸಿ ನಂಬರಿನಲ್ಲಿ ಜೀವಂತ! ಇಬ್ಬರು ಮೂವರು ಆರೋಪಿಗಳಿದ್ದ ಕೇಸಿನಲ್ಲಿ ತಪ್ಪಿಸಿಕೊಂಡವನ ಭಾಗವನ್ನು ಬೇರ್ಪಡಿಸಿ (ಸ್ಪ್ಲಿಟ್ ಅಪ್) ಬೇರೆ ನಂಬರ್ ಕೊಟ್ಟಿರುತ್ತಾರೆ, ಉಳಿದವರು ಖುಲಾಸೆಯಾದ ಮಾತ್ರಕ್ಕೆ ಇವನದು ಮುಗಿಯಲ್ಲ. ಕೊನೇ ನಡಾವಳಿಯಲ್ಲಿ ಹೊಸ ನಂಬರ್ ಇಲ್ಲದಿದ್ದರೆ ವಕೀಲರ ಮೂಲಕ ಕಚೇರಿಯ ರಿಜಿಸ್ಟರ್ ನೋಡಿಸಿ.

ಆನ್‌ಲೈನಲ್ಲಿ ಏನೂ ಸಿಗದಿದ್ದರೆ ಠಾಣೆಯ ಕೋರ್ಟ್ ಪಿ.ಸಿ.ಯನ್ನು (ಕೋರ್ಟಿನ ಕೆಲಸ ನೋಡುವ ಕಾನ್‌ಸ್ಟೆಬಲ್) ಕೇಳಬೇಕು. ಯಾವ ವಾರಂಟು ಯಾವ ಕೇಸಿನದು ಅನ್ನುವುದು ಅವರ ಪುಸ್ತಕದಲ್ಲಿರುತ್ತದೆ. ಅವರ ಹತ್ತಿರ ಅಪ್ಪನೋ ವಕೀಲರೋ ಹೋಗಲಿ, ಹುಡುಗ ಹೋಗೋದು ಬೇಡ.

ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಎಲ್‌ಪಿಸಿಯಲ್ಲೇ ಇದೆ! ಒಂದು ಸಂಶಯ. 279, 337 ಬೇಲೆಬಲ್ ಅಂತಾರಲ್ಲ, ಮತ್ತೆ ನಾನ್‌ಬೇಲೆಬಲ್ ವಾರಂಟ್ ಹೇಗೆ? ತಾರೀಖು ಬೇರೆ ಮೂರು ತಿಂಗಳ ಮೇಲಿದೆ. ಅಲ್ಲಿಯವರೆಗೆ ಕಾಯಬಹುದಾ?

ತಾಲ್ಲೂಕು ಕೋರ್ಟಿನ ವಕೀಲರು
ಕಲಮು ಬೇಲೆಬಲ್ ಆಗಿರುವುದು ಬೇರೆ, ವಾರಂಟ್ ಬೇರೆ. ಜಾಮೀನು ಪಡೆದು ಬಿಡಬಹುದು ಎಂದು ವಾರಂಟಿನ ಮೇಲೆ ಬರೆದಿಲ್ಲದಿದ್ದರೆ ಪೊಲೀಸರು ತಾವೇ ಬಿಡುವಂತಿಲ್ಲ, ಹಿಡಿದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಬಾಂಡ್ ಬರೆದುಕೊಟ್ಟು ಹಾಜರಾಗದವನಿಗೆ ಬೇಲೆಬಲ್ ಕಲಮಿನಲ್ಲೂ ಮತ್ತೆ ಜಾಮೀನು ನಿರಾಕರಿಸುವ ಅಧಿಕಾರ ಕೋರ್ಟಿಗಿದೆ. ಇಷ್ಟು ಸಣ್ಣ ಕೇಸಿನಲ್ಲಿ ತಾನಾಗಿ ಬಂದವನಿಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಎಳೆದುಕೊಂಡು ಬಂದವನ ಮಾತು ಬೇರೆ.

ಕಾಯಬೇಡಿ. ತಾರೀಖು ಕಳೆದರೆ ವಾರಂಟ್ ತಾನಾಗಿ ಬಿದ್ದುಹೋಗುವುದಿಲ್ಲ. ಜಾರಿಯಾಗುವವರೆಗೆ ಅಥವಾ ಹೊರಡಿಸಿದ ಕೋರ್ಟೇ ರದ್ದು ಮಾಡುವವರೆಗೆ ಅದಕ್ಕೆ ಜೀವ ಇದೆ. ಒಂದೇ ದಿನ ಇವಿಷ್ಟನ್ನು ಹಾಕಿಸಿ: ಕೇಸನ್ನು ಮುಂಚಿತವಾಗಿ ತೆಗೆದುಕೊಳ್ಳಲು ಅಡ್ವಾನ್ಸ್‌ಮೆಂಟ್ ಅರ್ಜಿ, ವಾರಂಟ್ ರೀಕಾಲ್ ಅರ್ಜಿ, ಅದಕ್ಕೆ ಅಫಿಡವಿಟ್, ವಕಾಲತ್ತು, ಜೊತೆಗೆ ಜಾಮೀನಿನ ಕಾಗದ. 2024ರ ಜುಲೈ 1ಕ್ಕೆ ಮೊದಲೇ ಕೋರ್ಟಿನಲ್ಲಿದ್ದ ಕೇಸಾದರೆ ರೀಕಾಲ್ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 70(2)ರ ಅಡಿ, ಆಮೇಲಿನದಾದರೆ ಬಿಎನ್‌ಎಸ್‌ಎಸ್ (ಅದರ ಜಾಗಕ್ಕೆ ಬಂದ ಹೊಸ ಕಾನೂನು) 72(2)ರ ಅಡಿ. ಅಫಿಡವಿಟ್‌ಗೆ ಮನೆ ಬದಲಾದ ಬಾಡಿಗೆ ಕರಾರು, ಕಂಪನಿ ಗುರುತಿನ ಚೀಟಿ ಲಗತ್ತಿಸಿ. ಯಾರೋ ಹೇಳಿದರು ಅಂತ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಮಾತ್ರ ತರಬೇಡಿ, ಸಿಕ್ಕಿಬಿದ್ದರೆ ಇದಕ್ಕಿಂತ ದೊಡ್ಡ ಕೇಸಾಗುತ್ತದೆ.

ಆರೋಪಿ ಖುದ್ದು ಬರಲೇಬೇಕು. ಬೆಳಿಗ್ಗೆ ಕೇಸು ಕೂಗುವ ಮೊದಲೇ ಅರ್ಜಿಗಳು ಬೆಂಚಿನ ಮೇಲಿರಲಿ. ಜಾಮೀನು ಪರಿಶೀಲನೆ ಮಧ್ಯಾಹ್ನಕ್ಕೆ ಹೋಗುವುದು ಮಾಮೂಲು. ಅದಕ್ಕೇ ಶುಕ್ರವಾರ, ಹಬ್ಬದ ರಜೆಯ ಹಿಂದಿನ ದಿನ ಬೇಡ. ಸಂಜೆ ಹೊತ್ತಿಗೆ ಜಾಮೀನುದಾರನ ಕಾಗದ ಸರಿಯಿಲ್ಲ ಎಂದಾದರೆ ರಜೆ ಮುಗಿಯುವವರೆಗೆ ಒಳಗಿರಬೇಕಾದೀತು. ಸೋಮವಾರ, ಮಂಗಳವಾರ ಬನ್ನಿ.

ನಿವೃತ್ತ ಬೆಂಚ್ ಕ್ಲರ್ಕ್
ಹೊರಡುವ ಮುಂಚೆ ನ್ಯಾಯಾಧೀಶರು ರಜೆಯಲ್ಲಿಲ್ಲ, ವಕೀಲರ ಸಂಘ ಅಂದು ಕಲಾಪದಿಂದ ಹೊರಗುಳಿದಿಲ್ಲ ಅಂತ ಕೇಳಿಕೊಳ್ಳಿ. ಒಂದೇ ಕೋರ್ಟಿರುವ ಊರಲ್ಲಿ ಹುದ್ದೆ ಖಾಲಿಯಿದ್ದರೆ ಪಕ್ಕದ ತಾಲ್ಲೂಕಿನ ನ್ಯಾಯಾಧೀಶರು ಪ್ರಭಾರದಲ್ಲಿರುತ್ತಾರೆ. ಆಗ ತುರ್ತು ಅರ್ಜಿಯನ್ನು ಅವರ ಮುಂದೆಯೇ ಇಡಬೇಕಾಗುತ್ತದೆ, ಕಡತ ಅಲ್ಲಿಗೆ ಹೋಗಲು ಅರ್ಧ ದಿನ ಬೇಕು. ಎಲ್‌ಪಿಸಿ ಕಡತ ರೆಕಾರ್ಡ್ ರೂಮಿನಲ್ಲಿರುವುದೂ ಉಂಟು. ಎರಡು ದಿನ ಮೊದಲೇ ವಕೀಲರ ಗುಮಾಸ್ತರಿಂದ ಹುಡುಕಿಸಿ ಇಡಿಸಿ.

ಜಾಮೀನು ಕಾಗದ ನೋಡುವವರು
ಅಕ್ಕಾ, ಜಾಮೀನುದಾರರು ತರಬೇಕಾದ್ದು: ತಮ್ಮ ಹೆಸರಿನ ಈ ವರ್ಷದ ಪಹಣಿ, ಆಧಾರ್ ಮೂಲ ಮತ್ತು ಜೆರಾಕ್ಸ್, ಎರಡು ಮೂರು ಫೋಟೋ. ಪಹಣಿಯ 9ನೇ ಕಾಲಂನಲ್ಲಿ ಒಬ್ಬರದೇ ಹೆಸರಿರಲಿ. ಜಂಟಿ ಖಾತೆಯಾದರೆ "ನಿಮ್ಮ ಪಾಲು ಎಷ್ಟು" ಎಂಬಲ್ಲೇ ನಿಲ್ಲುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಕೂತಿದ್ದರೂ ತಕರಾರು ಬರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ "ಬಿನ್" ಸೇರಿ ಇನ್ನೊಂದು ರೀತಿ ಇರುವುದು ನಮ್ಮ ಕಡೆ ಸರ್ವೇಸಾಮಾನ್ಯ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ. ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಪಹಣಿ ಕೆಲಸಕ್ಕೆ ಬಾರದು.

ಕೋರ್ಟ್ ಮುಂದೆ ದುಡ್ಡಿಗೆ ಸಿಗುವ ಬಾಡಿಗೆ ಜಾಮೀನುದಾರರ ಸಹವಾಸ ಬೇಡ. ಒಂದೇ ಪಹಣಿ ಹತ್ತು ಕೇಸಿನಲ್ಲಿ ಓಡಾಡಿರುತ್ತದೆ, ಖೋಟಾ ಎಂದು ಗೊತ್ತಾದರೆ ನಿಮ್ಮ ಹುಡುಗನೂ ಸಿಕ್ಕಿಬೀಳುತ್ತಾನೆ. ಯಾರೂ ಸಿಗದಿದ್ದರೆ ನಗದು ಠೇವಣಿಗೆ ಅವಕಾಶ ಕೇಳಿ. ಸಿಆರ್‌ಪಿಸಿ 445, ಈಗಿನ ಬಿಎನ್‌ಎಸ್‌ಎಸ್ 490.

ಹಳೇ ಬಾಂಡಿಗೆ ಜಾಮೀನು ನಿಂತಿದ್ದವರನ್ನು ಮರೆಯಬೇಡಿ. ಅವರ ಮೇಲೆ ಬೇರೆ ಪ್ರಕರಣ ತೆರೆದು ನೋಟಿಸ್ ಹೋಗಿರಬಹುದು. ದಂಡ ಕಡಿಮೆ ಮಾಡಿ ಎಂದು ಕೇಳುವ ಅವಕಾಶ ಇದೆ.

ಇನ್ನೊಬ್ಬರು
ಇಷ್ಟೆಲ್ಲಾ ಯಾಕೆ? ಅಂದೇ ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಬಸ್ ಹತ್ತಬಹುದು. 279ಕ್ಕೆ ಹೆಚ್ಚೆಂದರೆ ಸಾವಿರ, 337ಕ್ಕೆ ಐನೂರು.

ತಾಲ್ಲೂಕು ಕೋರ್ಟಿನ ವಕೀಲರು
ದಂಡ ಅಷ್ಟೇ, ನಿಜ. ಆದರೆ ಎರಡೂ ಕಲಮಿಗೆ ಆರು ತಿಂಗಳ ಜೈಲೂ ಇದೆ, ಮತ್ತು ಒಪ್ಪಿಕೊಂಡರೆ ಅದು ಶಿಕ್ಷೆಯೇ. ಸರ್ಕಾರಿ ಕೆಲಸದ ದೃಢೀಕರಣ ನಮೂನೆಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಗಾಯಾಳು ಎಂವಿಸಿ ಹಾಕಿದ್ದರೆ ಅಲ್ಲಿ ನಿರ್ಲಕ್ಷ್ಯಕ್ಕೆ ಇದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಅಂದು ಬೈಕಿಗೆ ಇನ್ಶೂರೆನ್ಸ್ ಇರಲಿಲ್ಲ ಎಂದರೆ ಪರಿಹಾರದ ಹೊರೆ ನೇರ ಮನೆ ಮೇಲೆ. ಗಾಯಾಳು ರಾಜಿಗೆ ಒಪ್ಪಿದರೆ 337 ಮುಗಿಸಬಹುದು, 279 ರಾಜಿಯಾಗುವ ಕಲಮಲ್ಲ. ಚಾರ್ಜ್‌ಶೀಟ್ ಓದದೆ ಒಪ್ಪಿಕೊಳ್ಳುವುದು ಬೇಡ.

ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ
ವಕೀಲರ ಫೀಸು ಕಷ್ಟವಾದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಇನ್ನೂ ಕೆಲವು ವರ್ಗದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100. ಇನ್ನೊಂದು ಮಾತು: ಮೇಲೆ ಹೇಳಿದ್ದೆಲ್ಲ ಎನ್‌ಬಿಡಬ್ಲ್ಯೂಗೆ, ಜೀವನಾಂಶದ ಕೇಸಿನ ಎಫ್‌ಎಲ್‌ಡಬ್ಲ್ಯೂ (ಫೈನ್ ಲೆವಿ ವಾರಂಟ್) ಮಾತ್ರ ಬೇರೆ ಬಗೆಯದು. ಅದು ಬಾಕಿ ಹಣ ವಸೂಲಿಯ ವಾರಂಟು, ಮುಖ ತೋರಿಸಿದರೆ ಸಾಲದು, ಸ್ವಲ್ಪವಾದರೂ ಹಣ ಕಟ್ಟಿಯೇ ಮಾತಾಡಬೇಕು.

ನಿವೃತ್ತ ಬೆಂಚ್ ಕ್ಲರ್ಕ್
ರೀಕಾಲ್ ಆದೇಶ ಆದ ಮೇಲೆ ಎಲ್ಲರೂ ಊಟಕ್ಕೆ ಹೋಗಿಬಿಡುತ್ತಾರೆ. ಅರ್ಧ ಕೆಲಸ ಬಾಕಿಯಿರುವುದು ಅಲ್ಲೇ. ಆದೇಶ ಕೋರ್ಟಿನ ಕಡತದಲ್ಲಿ, ವಾರಂಟಿನ ಕಾಗದ ಠಾಣೆಯಲ್ಲಿ. ರದ್ದಾದ ವಾರಂಟಿನ ಮೇಲೆ ಬಂಧಿಸಿದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2011ರ ರಘುವಂಶ್ ಭಾಸಿನ್ ತೀರ್ಪಿನಲ್ಲಿ ಎನ್‌ಬಿಡಬ್ಲ್ಯೂಗಳ ರಿಜಿಸ್ಟರ್ ಇಡುವ ಬಗ್ಗೆ ನಿರ್ದೇಶನಗಳೇ ಬಂದಿವೆ. ಹಾಗಾಗಿ ಅಂದೇ ರೀಕಾಲ್ ಮೆಮೊ ಕೇಳಿ, ಕೋರ್ಟ್ ಪಿ.ಸಿ. ಕೈಗೆ ತಲುಪಿಸಿ, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸಹಿ ಹಾಕಿಸಿಕೊಳ್ಳಿ. ವಾರಂಟು ಬೆಂಗಳೂರಿನ ಠಾಣೆಗೂ ಹೋಗಿದ್ದರೆ ಅಲ್ಲಿಗೂ ಒಂದು ಪ್ರತಿ. ನಕಲು ಶಾಖೆಯಲ್ಲಿ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಅದು ಬರುವವರೆಗೆ ಇ-ಕೋರ್ಟ್ಸ್‌ನ ಅಂದಿನ ನಡಾವಳಿಯ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ.

ಮುಂದಿನ ತಾರೀಖುಗಳಿಗೆ ರಜೆ ಸಿಗದಿದ್ದರೆ ಅಂದಂದಿನ ಗೈರು ವಿನಾಯಿತಿ ಅರ್ಜಿಯನ್ನು ವಕೀಲರು ಹಾಕುತ್ತಾರೆ, ಸಿಆರ್‌ಪಿಸಿ 317, ಈಗಿನ ಬಿಎನ್‌ಎಸ್‌ಎಸ್ 355. ಹಿಂದಿನ ದಿನವೇ ಅವರಿಗೆ ಫೋನ್ ಮಾಡಿ ಕಾರಣ ಹೇಳಿ, ಕೂಗಿದ ಮೇಲೆ ಅಲ್ಲ. ಆದರೆ ಆರೋಪ ಓದಿ ಹೇಳುವ ದಿನ, ಸಿಆರ್‌ಪಿಸಿ 313ರ ಹೇಳಿಕೆಯ ದಿನ (ಸಾಕ್ಷ್ಯದ ಬಗ್ಗೆ ಕೋರ್ಟೇ ಆರೋಪಿಯನ್ನು ಕೇಳುವ ದಿನ), ತೀರ್ಪಿನ ದಿನ ಈ ಅರ್ಜಿ ನಡೆಯುತ್ತೆ ಅಂತ ನಂಬಿ ಕೂರಬೇಡಿ, ಹುಡುಗನನ್ನು ಕಳಿಸಿ.